ಅಕ್ಕನ ಕಪ್ಪೆ, ನನ್ನ ದುಂಬಿ

ನನ್ನ ಅಕ್ಕನ ಹಿತ್ತಲಲ್ಲಿ ಒಂದು ಕಪ್ಪೆ ಇದೆ. ಅದರ ದನಿ ಕೇಳಲು ಬೆಂಗಳೂರಿನಿಂದ ಜೀಪು ಮಾಡಿಕೊಂಡು ಜನ ಬರುತ್ತಾರೆ. ನನ್ನ ತೆಂಗಿನ ತೋಟದಲ್ಲಿ ಲೆಕ್ಕವಿಲ್ಲದಷ್ಟು ದುಂಬಿಗಳಿವೆ. ಅವನ್ನು ನೋಡಲು ಇದುವರೆಗೆ ಒಂದು ನರಪಿಳ್ಳೆಯೂ ಬಂದಿಲ್ಲ. ಬರಲಿ ಅಂತ ನಾನೇನು ಆರತಿ ತಟ್ಟೆ ಹಿಡಿದು ನಿಂತಿಲ್ಲ. ಆದರೂ ಹೇಳುವುದನ್ನು ಹೇಳಬೇಕಲ್ಲ.

ನಾವಿಬ್ಬರೂ ಹನೂರು ಕಡೆಯ ಹೆಣ್ಣುಮಕ್ಕಳು. ಅಣ್ಣತಮ್ಮಂದಿರು ಇಲ್ಲ. ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವಳು ಬೆಳ್ಳಗೆ, ತೆಳ್ಳಗೆ, ಮೆತ್ತಗೆ. ನಾನು ಈ ಮೂರರಲ್ಲಿ ಒಂದೂ ಅಲ್ಲ. ನಮ್ಮಜ್ಜಿ ತಮಿಳು ಸೀಮೆಯಿಂದ ಮದುವೆಯಾಗಿ ಬಂದವಳು. ಸಾಯುವವರೆಗೂ ಎರಡು ಭಾಷೆಯನ್ನು ಕಲಸಿಯೇ ಮಾತಾಡಿದಳು. ಅಕ್ಕನನ್ನು 'ಕಣ್ಣು' ಎಂದು ಕರೆಯುತ್ತಿದ್ದಳು. ನನ್ನನ್ನು 'ಕರಿವಂಡು' ಎನ್ನುತ್ತಿದ್ದಳು. ವಂಡು ಅಂದರೆ ಅವರ ಮಾತಿನಲ್ಲಿ ದುಂಬಿ. ಅಕ್ಕ ಒಂದು ಸಲ ಸೀನಿದರೆ ಒಲೆಯ ಮೇಲೆ ಕಷಾಯ ಏರುತ್ತಿತ್ತು. ನನಗೆ ಜ್ವರ ಬಂದು ಮಲಗಿದರೆ, "ಬುಡು, ವಂಡಿಗೇನಾಯ್ತದೆ, ಬೈಗಾದ್ರೆ ಎದ್ದು ಓಡಾಡ್ತದೆ" ಅನ್ನುತ್ತಿದ್ದಳು. ನಾನು ನಿಜವಾಗಿಯೂ ಬೈಗಿಗೆ ಎದ್ದು ಓಡಾಡುತ್ತಿದ್ದೆ. ನಾನು ಕೆಟ್ಟದ್ದೇ ಅಲ್ಲಿ.

ಅಕ್ಕ ಓದಿದಳು, ಮೇಡಂ ಆದಳು. ಯಳಂದೂರಿನ ಮೇಲಿರುವ ಬಿಳಿಗಿರಿರಂಗನ ಬೆಟ್ಟದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಇನ್ನೊಬ್ಬ ಮೇಷ್ಟ್ರನ್ನು ಮದುವೆಯಾದಳು. ನಿವೃತ್ತಿಯಾದ ಮೇಲೂ ಇಬ್ಬರೂ ಬೆಟ್ಟ ಇಳಿಯಲಿಲ್ಲ. ಮನೆಯ ಹಿಂದೆ ಒಂದಿಷ್ಟು ಕಾಫಿ, ಮೆಣಸಿನ ಬಳ್ಳಿ, ಎರಡು ಹಲಸಿನ ಮರ, ಅವುಗಳ ಬುಡದಲ್ಲಿ ಯಾರೂ ಸವರದ ಪೊದೆ. ಇನ್ನು ನನ್ನ ಕತೆ. ನಾನು ಓದಲಿಲ್ಲ ಅಂತಲ್ಲ, ಓದು ನನ್ನನ್ನು ಒಪ್ಪಲಿಲ್ಲ. ಕುಂತೂರಿನ ಕಬ್ಬು ಬೆಳೆಯುವ ಮನೆಗೆ ಕೊಟ್ಟರು. ಕಬ್ಬು, ತೆಂಗು, ಎಮ್ಮೆ, ಮಾತು, ಈ ನಾಲ್ಕಕ್ಕೆ ನಮ್ಮ ಮನೆಯಲ್ಲಿ ಎಂದೂ ಬರ ಬಂದಿಲ್ಲ.

ಕಪ್ಪೆ ನಮ್ಮಿಬ್ಬರ ನಡುವೆ ಬಂದದ್ದು ಹೋದ ಮಳೆಗಾಲದಲ್ಲಿ. ಕಪ್ಪೆಗಳ ಮೇಲೆ ಓದುತ್ತಿದ್ದ ಒಬ್ಬಳು ಹುಡುಗಿ ಅಕ್ಕನ ಹಿತ್ತಲಿಗೆ ಬಂದು, ಮುಸ್ಸಂಜೆಯಲ್ಲಿ ಪೊದೆಯ ಪಕ್ಕ ಮೈಕು ಹಿಡಿದು ಕೂತಿದ್ದಳಂತೆ. ಎದ್ದಾಗ ಅವಳ ಕಣ್ಣಲ್ಲಿ ನೀರಿತ್ತಂತೆ. ಆ ಪೊದೆಗಪ್ಪೆ ಈ ಬೆಟ್ಟಸಾಲು ಬಿಟ್ಟರೆ ಬೇರೆಲ್ಲೂ ಇಲ್ಲ, ಇಲ್ಲೂ ಎಲ್ಲ ಕಡೆ ಇಲ್ಲ, ಅಳಿವಿನಂಚಿಗೆ ಬಂದು ನಿಂತಿದೆ ಎಂದಳಂತೆ. ಪೊದೆ ಸವರಬೇಡಿ, ತರಗು ಗುಡಿಸಬೇಡಿ, ಔಷಧಿ ಹೊಡೆಯಬೇಡಿ ಎಂದು ಅಕ್ಕನ ಕೈಹಿಡಿದು ಬೇಡಿಕೊಂಡಳಂತೆ. ನಮ್ಮಕ್ಕ ಮೊದಲೇ ಮೇಡಂ. ಮೇಲಿನವರು ಒಂದು ಜವಾಬ್ದಾರಿ ಕೊಟ್ಟರೆ ಕೇಳಬೇಕೆ? ಮಾರನೆಯ ದಿನದಿಂದ ಹಿತ್ತಲಿಗೆ ಪೊರಕೆ ಹೋಗಲಿಲ್ಲ. ಭಾವ ಹಲ್ಲುಜ್ಜಿ ಉಗುಳುವುದಕ್ಕೂ ಜಾಗ ಬದಲಾಯಿತು.

ಆ ಮಳೆಗಾಲವೆಲ್ಲ ದಿನಾ ಬೈಗಾದರೆ ನನಗೆ ಫೋನು.

"ಇವತ್ತೂ ಕೂಗ್ತು ಕಣಮ್ಮಿ. ಮೊದ್ಲು ಒಂದು, ಆಮೇಲೆ ಎರಡು."

"ನಮ್ಮನೇಲೂ ಎಮ್ಮೆ ಕೂಗ್ತು ಕಣಕ್ಕ. ನಾನು ಯಾರಿಗಾರಾ ಫೋನ್ ಮಾಡುದ್ನಾ?"

"ಇದು ಅಂತಿಂತಾ ಕಪ್ಪೆಯಲ್ಲ ಕಣೇ. ಇದಕ್ಕೆ ಗೊದಮೊಟ್ಟೆ ಅನ್ನೋದೇ ಇಲ್ಲ. ನೀರಲ್ಲಿ ಬಾಲ ಅಲ್ಲಾಡಿಸಿಕೊಂಡು ಬೆಳೆಯೋ ಕಾಲವೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಕಪ್ಪೆಯಾಗೇ ಈಚೆಗೆ ಬರುತ್ತೆ."

"ನೀನೂ ಅಂಗೇ ಅಲ್ವಾ? ಉಟ್ಟುತ್ಲೇ ಮೇಡಮ್ಮು."

ಆ ಕಡೆ ಅಕ್ಕ ಕಿಸಕ್ಕನೆ ನಗುತ್ತಿದ್ದಳು. ಕಪ್ಪೆಯ ವಿಷಯ ಹೇಳುವಾಗ ಅವಳ ಬಾಯಲ್ಲಿ ಪಾಠದ ಪುಸ್ತಕದ ಕನ್ನಡ ಬರುತ್ತದೆ. ಸಿಟ್ಟು ಬಂದಾಗ, ದುಃಖವಾದಾಗ ಮಾತ್ರ ಹನೂರು ಈಚೆಗೆ ಬರುತ್ತದೆ. ನನ್ನ ಗಂಡ ಪಕ್ಕದಲ್ಲಿ ಕೂತು ಈ ಮಾತುಕತೆಯನ್ನೆಲ್ಲ ಕೇಳಿಸಿಕೊಂಡು, "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ಇದ್ಯಾವ ಸೀಮೆ ಮುದ್ದು" ಎಂದು ಟವಲು ಕೊಡವಿ ಎದ್ದು ಹೋಗುತ್ತಿದ್ದರು.

ಸರಿ, ಹೋಲಿಸಿಯೇ ನೋಡೋಣ. ಅಕ್ಕನ ಕಪ್ಪೆ ನನ್ನ ಹೆಬ್ಬೆರಳಿನ ಉಗುರಿನಷ್ಟಿದೆ. ಅದನ್ನು ನಾನು ನೋಡಿರುವುದು ಒಂದೇ ಸಲ. ಅದೂ ಅಕ್ಕ ಟಾರ್ಚು ಬಿಟ್ಟು, ನನ್ನ ಕತ್ತು ಹಿಡಿದು ತಿರುಗಿಸಿದ ಮೇಲೆ. ಎಲೆಯ ಮೇಲೆ ಇನ್ನೊಂದು ಒಣಗಿದ ಎಲೆ ಕೂತ ಹಾಗೆ ಕೂತಿತ್ತು. ಇದನ್ನು ನೋಡಲು ಇಷ್ಟು ದೂರ ಬಸ್ಸಿನಲ್ಲಿ ನೇತಾಡಿಕೊಂಡು ಬಂದೆನಾ ಅನ್ನಿಸಿತು. ನನ್ನ ದುಂಬಿಯನ್ನು ನೋಡಲು ಯಾರ ಕತ್ತನ್ನೂ ತಿರುಗಿಸಬೇಕಿಲ್ಲ. ದೀಪ ಹಾಕಿದರೆ ಅದೇ ಹಾರಿ ಬಂದು ಮುಖಕ್ಕೆ ರಪ್ಪನೆ ಬಡಿಯುತ್ತದೆ. ಕರ್ರಗೆ ಮಿರಿಮಿರಿ ಮಿಂಚುವ ಮೈ, ಮೂಗಿನ ಮೇಲೊಂದು ಕೊಂಬು. ತೆಂಗಿನ ಸುಳಿಗೆ ತೂತು ಕೊರೆದು ಒಳಗೆ ಕೂರುತ್ತದೆ. ಆ ಗರಿ ಬಿಚ್ಚಿಕೊಂಡಾಗ ದರ್ಜಿ ಕತ್ತರಿ ಆಡಿಸಿದ ಹಾಗೆ ಕಾಣುತ್ತದೆ. ಕಪ್ಪೆಗೆ ಇಂಥದೇ ಬೆಟ್ಟ, ಇಂಥದೇ ತೇವ, ಇಂಥದೇ ನೆರಳು ಆಗಬೇಕು. ದುಂಬಿಗೆ ಒಂದು ತಿಪ್ಪೆ ಸಾಕು. ಅಲ್ಲೇ ಮೊಟ್ಟೆ, ಅಲ್ಲೇ ಮರಿ. ಬೆಳ್ಳಗೆ ಕೊಬ್ಬಿದ ಗೊಣ್ಣೆಹುಳುಗಳಾಗಿ ಗೊಬ್ಬರದೊಳಗೆ ತಿಂಗಳಾನುಗಟ್ಟಲೆ ಮಲಗಿ ತಿನ್ನುವುದೇ ಅವುಗಳ ಬಾಲ್ಯ. ಕಪ್ಪೆಗೆ ಅರ್ಧ ಮೊಳ ಉದ್ದದ ವಿಜ್ಞಾನದ ಹೆಸರಿದೆ. ಅಕ್ಕ ಅದನ್ನು ಮಂತ್ರದ ಹಾಗೆ ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ. ದುಂಬಿಗೆ ನನ್ನ ಗಂಡ ಇಟ್ಟಿರುವ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ.

ತೋಟಗಾರಿಕೆಯವರು ಒಂದು ಬಕೆಟ್ಟು ಕೊಟ್ಟರು. ಅದರ ಮುಚ್ಚಳದಲ್ಲಿ ಎಂಥದೋ ವಾಸನೆಯ ಪೊಟ್ಟಣ ನೇತುಹಾಕಿದರೆ ದುಂಬಿಗಳು ತಾವಾಗಿಯೇ ಬಂದು ಬೀಳುತ್ತವೆ. ಬೆಳಿಗ್ಗೆ ಎದ್ದು ಸುರಿಯುವುದು ನನ್ನ ಕೆಲಸ. ಒಬ್ಬಳು ಬೆಟ್ಟದ ಮೇಲೆ ಒಂದು ಕಪ್ಪೆ ಬದುಕಲಿ ಅಂತ ಉಸಿರು ಬಿಗಿಹಿಡಿದು ಕೂತಿದ್ದಾಳೆ. ಇನ್ನೊಬ್ಬಳು ಕೆಳಗೆ ಬಕೆಟ್ಟುಗಟ್ಟಲೆ ದುಂಬಿ ಸಾಯಿಸುತ್ತಿದ್ದಾಳೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಹಣೆಬರಹ ನೋಡಿ.

ಇಷ್ಟೇ ಆಗಿದ್ದರೆ ನಾನು ಆ ಕಪ್ಪೆಯನ್ನು ಸಹಿಸಿಕೊಳ್ಳುತ್ತಿದ್ದೆ. ಆದರೆ ಅದು ನನ್ನ ಕೆಲಸವನ್ನೇ ಕೆಡಿಸಿತು. ಅಕ್ಕನ ಮಂಡಿ ಸವೆದಿದೆ. ಮಗ ಕೊಳ್ಳೇಗಾಲದಲ್ಲಿ ಮನೆ ಕಟ್ಟಿ, ಕೆಳಗಡೆ ಮೆಟ್ಟಿಲೇ ಇಲ್ಲದ ಒಂದು ರೂಮು ಮಾಡಿಸಿ, ಅಪ್ಪ ಅಮ್ಮನನ್ನು ಕರೆಯುತ್ತಲೇ ಇದ್ದ. ಅವನಿಗಿಂತ ಜೋರಾಗಿ ಕರೆಯುತ್ತಿದ್ದವಳು ನಾನು. ಕೊಳ್ಳೇಗಾಲಕ್ಕೆ ಬಂದುಬಿಟ್ಟರೆ ನನಗೆ ಒಂದೇ ಬಸ್ಸು. ಹಾಲು ಕರೆದಿಟ್ಟು ಹೊರಟರೆ ಅಕ್ಕನ ಜೊತೆ ಕಾಫಿ ಕುಡಿದು, ಅವಳನ್ನು ಎರಡು ಮಾತು ರೇಗಿಸಿ, ಮಧ್ಯಾಹ್ನದ ಮುದ್ದೆ ತಿರುವುವ ಹೊತ್ತಿಗೆ ವಾಪಸು ಬರಬಹುದು. ನಾನು ಮದುವೆಯಾದಾಗಿನಿಂದ ಅಕ್ಕನನ್ನು ವರ್ಷಕ್ಕೆ ನಾಲ್ಕು ಸಲ, ಹಬ್ಬದ ಗಡಿಬಿಡಿಯಲ್ಲಿ ನೋಡಿದವಳು. ಇನ್ನು ಇಬ್ಬರೂ ಎಷ್ಟು ದಿನ ಇರುತ್ತೇವೆ ಹೇಳಿ. ನನಗೆ ಅವಳು ಹತ್ತಿರ ಬೇಕಿತ್ತು. ಇದರಲ್ಲಿ ಮುಚ್ಚಿಡುವುದು ಏನೂ ಇಲ್ಲ.

ಅವಳು ಹೂಂ ಅನ್ನುವುದರಲ್ಲಿದ್ದಳು. ಆಗ ಬಂತು ಕಪ್ಪೆ.

"ಅದು ಕೂಗ್ತಾ ಇರೋವರ್ಗೂ ನಾನು ಇಳಿಯಲ್ಲ ಕಣಮ್ಮಿ. ನಾವು ಒಂಟೋದ್ರೆ ಈ ಜಾಗ ಯಾರ್ ಕೈಗೆ ಓಯ್ತದೋ, ಪೊದೆಗೆ ಬೆಂಕಿ ಇಕ್ಬುಡ್ತಾರೆ. ಅದೇನಾರಾ ನಿಂತೋದ್ರೆ, ಅವತ್ತೇ ಬತ್ತೀನಿ" ಎಂದಳು.

ನನಗೆ ಸವತಿ ಇರಲಿಲ್ಲ. ಆ ಕೊರತೆಯನ್ನು ಉಗುರಿನಷ್ಟುದ್ದದ ಒಂದು ಕಪ್ಪೆ ನೀಗಿಸಿತು.

ಈಗ ಗೊಬ್ಬರದ ವಿಷಯ ಹೇಳಬೇಕು. ತವರಿನಲ್ಲಿ ಗಂಡುಮಕ್ಕಳು ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಕೊಡುವವರು ಯಾರು? ಅಪ್ಪ ಅಮ್ಮ ಹೋದ ಮೇಲೆ ಅಕ್ಕನಿಗೆ ನಾನೇ ತವರು ಎಂದು ತೀರ್ಮಾನಿಸಿಕೊಂಡೆ. ಅವಳಿಗೆ ಸೀರೆ ಕೊಟ್ಟರೆ ಬಣ್ಣ ಹಿಡಿಸುವುದಿಲ್ಲ, ತಿಂಡಿ ಕೊಟ್ಟರೆ ಎಣ್ಣೆ ಹೆಚ್ಚು. ಅದಕ್ಕೆ ನನ್ನ ಗಂಡ ಒಂದು ದಾರಿ ಕಂಡುಹಿಡಿದರು. ವರ್ಷಾ ವರ್ಷಾ ಕಬ್ಬು ನುರಿಸುವುದು ಮುಗಿದು ಟ್ರ್ಯಾಕ್ಟರುಗಳು ಬಿಡುವಾದಾಗ, ನಮ್ಮ ತಿಪ್ಪೆಯ ಕಳಿತ ಗೊಬ್ಬರ ಒಂದು ಲೋಡು ಬೆಟ್ಟ ಹತ್ತುತ್ತದೆ. ಲೋಕದಲ್ಲಿ ಅಕ್ಕನಿಗೆ ಸಗಣಿಯ ಬಾಗಿನ ಕಳಿಸುವವಳು ನಾನೊಬ್ಬಳೇ ಇರಬೇಕು. ಅಕ್ಕನ ಕಾಫಿ ಗಿಡಗಳು ಅದರಿಂದಲೇ ಹಸಿರಾಗಿರುವುದು ಎಂದು ನನ್ನ ಗಂಡ ಮದುವೆಮನೆಗಳಲ್ಲೂ ಹೇಳುತ್ತಾರೆ.

ಈ ವರ್ಷವೂ ರೂಢಿಯಂತೆ ಲೋಡು ಹೋಯಿತು. ಯಾರೂ ಕಪ್ಪೆಯನ್ನು ನೆನೆಸಿಕೊಳ್ಳಲಿಲ್ಲ. ಕಾಡಿನ ಗೇಟಿನಲ್ಲಿ ತಡೆದು, "ಏನ್ಲಾ ಅದು?" ಎಂದು ಕೇಳಿದರಂತೆ. "ಗೊಬ್ರ ಸಾ, ಬೀಗರ ಮನೆಗೆ" ಎಂದನಂತೆ ಡ್ರೈವರು. ಅವರು ಕೋಲಿನಿಂದ ತಿವಿದು ನೋಡಿ, ಮೂಗು ಮುಚ್ಚಿಕೊಂಡು ಬಿಟ್ಟರಂತೆ. ಅವತ್ತು ಅಕ್ಕ ಭಾವ ಇಬ್ಬರೂ ಮಂಡಿ ತೋರಿಸಲು ಕೊಳ್ಳೇಗಾಲಕ್ಕೆ ಬಂದಿದ್ದರು. ಡ್ರೈವರು ಪ್ರತಿ ವರ್ಷ ಸುರಿಯುವ ಜಾಗದಲ್ಲೇ, ಹಲಸಿನ ಮರದ ಬುಡದ ಪೊದೆಗೆ ಒತ್ತಿ, ಟ್ರೈಲರು ಎತ್ತಿ ಸುರಿದು ಬಂದ. ಅವನ ಪಾಲಿಗೆ ಕೆಲಸ ಅಚ್ಚುಕಟ್ಟಾಗಿತ್ತು.

ಮೊದಲ ಮಳೆಗಳು ಬಿದ್ದವು. ನಮ್ಮ ಕಡೆ ದುಂಬಿಗಳು ಎದ್ದವು, ಬಕೆಟ್ಟು ತುಂಬತೊಡಗಿತು. ಬೆಟ್ಟದಿಂದ ಮಾತ್ರ ಬೈಗಿನ ಫೋನು ಬರಲಿಲ್ಲ. ಒಂದು ವಾರ ಕಾದು ನಾನೇ ಮಾಡಿದೆ.

"ಏನಕ್ಕಾ, ನಿನ್ ಸೊಸೆ ಕೂಗುದ್ಲಾ?"

"ಆ?"

"ಕಪ್ಪೆ ಕಣಕ್ಕ, ಕಪ್ಪೆ!"

"ಇಲ್ಲ ಕಣಮ್ಮಿ. ಮಳೆ ಬಂದಾಗಿಂದ ದಿನಾ ಕೂತ್ಕಂಡು ನೋಡ್ತಾ ಇವ್ನಿ. ಒಂದ್ ಸದ್ದಿಲ್ಲ. ಗೊಬ್ರ ಅದ್ರ ಮೇಲೇ ಬಿದ್ದದೆ ಅನ್ಸ್ತದೆ. ಬಗುದ್ರೆ ಎಲ್ ಸತ್ತೋದದೋ ಅಂತ ಅಂಗೇ ಬುಟ್ಟಿವ್ನಿ" ಎಂದು ಅಕ್ಕ ಅತ್ತಳು.

ಮೊದಲು ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ. ಕಪ್ಪೆ ಹೋಯಿತು, ಅಕ್ಕ ಬಂದಳು ಎಂದು ಮನಸ್ಸು ಆಗಲೇ ಕೊಳ್ಳೇಗಾಲದ ಬಸ್ಸು ಹತ್ತಿ ಕೂತುಬಿಟ್ಟಿತ್ತು. ಆದರೆ ಅವಳ ಅಳು ನಿಲ್ಲಲೇ ಇಲ್ಲ. ಅಮ್ಮ ಸತ್ತಾಗಲೂ ಸೆರಗು ಬಾಯಿಗಿಟ್ಟುಕೊಂಡು ಅತ್ತವಳು, ಈಗ ಮಗುವಿನ ಹಾಗೆ ಫೋನಿನಲ್ಲಿ ಬಿಕ್ಕುತ್ತಿದ್ದಳು. ಮಾರನೆಯ ಬೆಳಿಗ್ಗೆ ಎಮ್ಮೆಯನ್ನು ಗಂಡನಿಗೆ ಒಪ್ಪಿಸಿ, ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ, ಯಳಂದೂರಿನ ಮೇಲೆ ಬೆಟ್ಟ ಹತ್ತಿದೆ.

ಅಕ್ಕ ಮಾತಾಡಿಸಲಿಲ್ಲ. ನಾನು ಏನು ಕೇಳಿದರೂ "ಆ?" ಎಂದು ಮುಖ ನೋಡುತ್ತಿದ್ದಳು. ಮುನಿಸಿಕೊಂಡಿದ್ದಾಳೆ, ನನ್ನ ಬಾಯಿಂದ ಎಲ್ಲವನ್ನೂ ಎರಡೆರಡು ಸಲ ಹೇಳಿಸಿ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಭಾವನನ್ನು ಕೇಳೋಣವೆಂದರೆ ಅವರ ಕಿವಿ ಯಾವಾಗಲೋ ಹೋಗಿತ್ತು. ಮಕ್ಕಳ ಮಗ್ಗಿ ಕೇಳಿ ಕೇಳಿ ಸವೆದದ್ದು. ಕಿವಿಯ ಮಿಷನ್ನನ್ನು ಟೀವಿ ವಾರ್ತೆಗೆ ಮಾತ್ರ ಹಾಕಿಕೊಳ್ಳುತ್ತಾರೆ. ಕಪ್ಪೆಯ ವಿಷಯದಲ್ಲಿ ಅವರಷ್ಟು ನೆಮ್ಮದಿಯಾಗಿರುವವರು ಆ ಮನೆಯಲ್ಲಿ ಇನ್ನೊಬ್ಬರಿಲ್ಲ.

ಪಕ್ಕದ ಪೋಡು, ಅಂದರೆ ಸೋಲಿಗರ ಹಾಡಿಯಿಂದ ಇಬ್ಬರು ಹೆಂಗಸರನ್ನು ಕೂಲಿಗೆ ಕರೆದುಕೊಂಡು ಗೊಬ್ಬರಕ್ಕೆ ಕೈ ಹಾಕಿದೆವು. ಗುದ್ದಲಿ ಮುಟ್ಟಕೂಡದು ಎಂದು ಅಕ್ಕನ ಅಪ್ಪಣೆ. ಕೈಯಲ್ಲೇ ಬಗೆದು, ಮಂಕರಿಗೆ ತುಂಬಿ, ಕಾಫಿ ಗಿಡದ ಆಚೆಗೆ ಹೊತ್ತು ಹಾಕಬೇಕು. ಅಕ್ಕ ಸ್ಟೂಲಿನ ಮೇಲೆ ಕೂತು ಪರೀಕ್ಷೆಯ ಹಾಲಿನಲ್ಲಿ ಕಾವಲಿಗೆ ಕೂತ ಹಾಗೆ ನಮ್ಮ ಬೆರಳುಗಳನ್ನೇ ನೋಡುತ್ತಿದ್ದಳು. ಗೊಬ್ಬರ ಬಗೆದಂತೆಲ್ಲ ನಮ್ಮ ಮನೆಯ ಗೊಣ್ಣೆಹುಳುಗಳು ಬೆಳ್ಳಗೆ ಸುರುಳಿ ಸುತ್ತಿಕೊಂಡು ಉದುರುತ್ತಿದ್ದವು. ಟ್ರ್ಯಾಕ್ಟರು ಹತ್ತಿ, ಗೇಟು ದಾಟಿ, ಬೆಟ್ಟಕ್ಕೆ ಬಂದು ಸುಖವಾಗಿ ಮಲಗಿದ್ದವು. ಒಂದನ್ನು ಹಿಸುಕಲು ಕಲ್ಲೆತ್ತಿಕೊಂಡೆ.

"ಏ, ತಡಿ! ಕೊಲ್ಬೇಡ" ಎಂದಳು ಅಕ್ಕ.

"ಅಯ್ಯೋ, ಇದು ನಂದು ಕಣಕ್ಕ, ನಿಂದಲ್ಲ. ನಂದು ಎಷ್ಟ್ ಸತ್ರೂ ಮುಗಿಯಕ್ಕಿಲ್ಲ" ಎಂದೆ. ಕೂಲಿಯ ಹೆಂಗಸರು ನಕ್ಕರು. ಅಕ್ಕ ನಗಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಪೊದೆಯ ಬುಡ ಬಿಡಿಸಿಕೊಂಡಿತು. ಕೆಳಗಿನ ಕೊಂಬೆಗಳು ಒಂದಷ್ಟು ಬಾಗಿದ್ದವು, ಉಳಿದದ್ದು ಚೆನ್ನಾಗೇ ಇತ್ತು. ತರಗನ್ನು ಮತ್ತೆ ತಂದು ಹರಡಿದೆವು. ಹೆಂಗಸರು ಕಾಫಿ ಕುಡಿದು ಹೊರಟರು. ನನ್ನ ಸೊಂಟ ನನ್ನದಾಗಿರಲಿಲ್ಲ. ಕೈ ತೊಳೆದು ಬಂದು ಹಿತ್ತಲ ಜಗಲಿಯ ಮೇಲೆ ಅಕ್ಕನ ಪಕ್ಕ ಕೂತೆ. ಮೋಡ ಕವಿದು, ಸಣ್ಣಗೆ ಹನಿ ಹಾಕಿ ನಿಂತಿತ್ತು. ಅಕ್ಕ ಪೊದೆಯ ಕಡೆಗೆ ಮುಖ ಮಾಡಿ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಳು.

ಸ್ವಲ್ಪ ಹೊತ್ತಿಗೆ ಪೊದೆಯೊಳಗಿಂದ ಟಿಕ್ ಅಂತು. ಬಳೆಗೆ ಉಗುರು ತಾಕಿದಷ್ಟು ಸಣ್ಣ ಸದ್ದು. ಆಮೇಲೆ ಟಿಕ್ ಟಿಕ್. ಹೋದ ವರ್ಷ ಅಕ್ಕ ಬಲವಂತದಿಂದ ಕೂರಿಸಿ ಕೇಳಿಸಿದ್ದ ಅದೇ ಸದ್ದು. ಹಲಸಿನ ಮರದ ಆಚೆಯಿಂದ ಇನ್ನೊಂದು ಅದಕ್ಕೆ ಉತ್ತರ ಕೊಟ್ಟಿತು. ನಾನು ಉಬ್ಬಿಹೋಗಿ ಅಕ್ಕನ ಕಡೆ ತಿರುಗಿದೆ.

ಅಕ್ಕ ತಲೆಯಾಡಿಸುತ್ತಿದ್ದಳು. "ನೋಡ್ದಾ? ಒಂದ್ ಸದ್ದೂ ಇಲ್ಲ. ಒಂಟೋಯ್ತು ಅದು."

ಟಿಕ್ ಟಿಕ್ ಅನ್ನುತ್ತಲೇ ಇತ್ತು. ನಾಲ್ಕು ಮಾರು ದೂರದಲ್ಲಿ. ನಾನು ಅವಳ ಮುಖವನ್ನೇ ನೋಡಿದೆ. ಬೆಳಿಗ್ಗೆಯಿಂದ ಅವಳಂದ ಅಷ್ಟೂ "ಆ?"ಗಳು ಆಗ ನನಗೆ ಅರ್ಥವಾದವು. ಅವಳು ಮುನಿಸಿಕೊಂಡೇ ಇರಲಿಲ್ಲ. ವಯಸ್ಸಾದ ಕಿವಿಯಿಂದ ಸಣ್ಣ ಸದ್ದುಗಳು ಮೊದಲು ಹೋಗುತ್ತವೆ. ಕಪ್ಪೆ ಈ ಮಳೆಗಾಲ ಒಂದು ದಿನವೂ ಸುಮ್ಮನಿದ್ದಿರಲಾರದು. ಪಾಪದ ಗೊಬ್ಬರ, ಅದರ ತಪ್ಪೇನೂ ಇರಲಿಲ್ಲ.

"ಮಗಂಗೆ ಫೋನ್ ಮಾಡ್ಕೊಡು. ಬತ್ತೀವಿ ಅಂತ ಏಳ್ತೀನಿ. ಇನ್ನೇನದೆ ನಂಗಿಲ್ಲಿ" ಎಂದಳು ಅಕ್ಕ.

ಫೋನು ನನ್ನ ಮಡಿಲಲ್ಲೇ ಇತ್ತು. ನಾನು ಏನೂ ಮಾಡಬೇಕಾಗಿರಲಿಲ್ಲ, ಬಾಯಿ ಮುಚ್ಚಿಕೊಂಡು ಒಂದು ನಂಬರು ಒತ್ತಿದ್ದರೆ ಸಾಕಿತ್ತು. ಮುಂದಿನ ತಿಂಗಳಿಗೆ ಅಕ್ಕ ಕೊಳ್ಳೇಗಾಲದಲ್ಲಿ, ನಾನು ದಿನಾ ಅವಳ ಅಡುಗೆಮನೆಯಲ್ಲಿ. ಹುಟ್ಟಿದಾಗಿನಿಂದ ಬಾಯಿ ಮುಚ್ಚದವಳು ಇವತ್ತೊಂದು ದಿನ ಮುಚ್ಚಿಕೊಂಡರೆ ಯಾರ ಗಂಟು ಹೋಗುತ್ತದೆ? ನನಗೆ ಆಸೆಯಾಯಿತು. ಬಹಳ ಆಸೆಯಾಯಿತು. ಆದರೆ ಅವಳು ಇನ್ನೂ ಕಿವಿಯ ಹಿಂದಿನಿಂದ ಅಂಗೈ ತೆಗೆದಿರಲಿಲ್ಲ.

"ಅಕ್ಕಾ, ಕೂಗ್ತಾ ಅದೆ" ಎಂದೆ.

"ಆ?"

"ಕೂಗ್ತಾ ಅದೆ ಕಣಕ್ಕ! ಎರಡವೆ! ನಿಂಗೆ ಕೇಳಿಸ್ತಿಲ್ಲ ಅಷ್ಟೇಯ!"

ಅವಳು ನನ್ನನ್ನು ನೋಡಿದ ನೋಟ ನಾನು ಮರೆಯಲಾರೆ. "ಇದ್ರಲ್ಲೂ ತಮಾಸೆನಾ? ಇದೊಂದ್ರಲ್ಲಿ ಬ್ಯಾಡ ಕಣಮ್ಮಿ, ನಿನ್ ದಮ್ಮಯ್ಯ" ಎಂದಳು.

ಐವತ್ತು ವರ್ಷ ರೇಗಿಸಿದ್ದಕ್ಕೆ ಸರಿಯಾಗಿ ಸಿಕ್ಕಿತು ನನಗೆ. ಏನು ಆಣೆ ಇಟ್ಟರೂ ಅವಳು ನಂಬುವಂತಿರಲಿಲ್ಲ. ನಾನು ಅವಳ ಕೈ ಎಳೆದು ನನ್ನ ತೊಡೆಯ ಮೇಲೆ ಅಂಗೈ ಮೇಲಾಗುವಂತೆ ಇಟ್ಟುಕೊಂಡೆ. ಅವಳ ಅಂಗೈ ತಣ್ಣಗಿತ್ತು. ಪೊದೆಯೊಳಗೆ ಟಿಕ್ ಅಂದಾಗ ಬೆರಳಿನಿಂದ ಅಂಗೈಗೆ ಒಂದು ಸಲ ಬಡಿದೆ. ಟಿಕ್ ಟಿಕ್ ಅಂದಾಗ ಎರಡು ಸಲ. ಅದು ನಿಂತಾಗ ನಾನೂ ನಿಂತೆ. ಮತ್ತೆ ಒಂದು. ಮತ್ತೆ ಎರಡು. ಆಚೆಯದು ಉತ್ತರ ಕೊಟ್ಟಾಗ ಅಂಗೈಯ ಆ ತುದಿಯಲ್ಲಿ ಬಡಿದೆ.

ಅಕ್ಕ ಮೊದಮೊದಲು ಕೈ ಬಿಡಿಸಿಕೊಳ್ಳಲು ನೋಡಿದಳು. ಆಮೇಲೆ ಬಿಟ್ಟಳು. ಪೊದೆಯನ್ನು ನೋಡುವುದನ್ನು ನಿಲ್ಲಿಸಿ, ಬಗ್ಗಿ ತನ್ನ ಅಂಗೈಯನ್ನೇ ನೋಡುತ್ತ ಕೂತಳು.

"ಇದೇಯ ಕಣಮ್ಮಿ," ಎಂದಳು. "ಇಂಗೇಯ ಅದು ಕೂಗೋದು. ನಿಲ್ಲುಸ್ಬೇಡ."

ಕತ್ತಲಾಗುವವರೆಗೂ ನಾನು ನಿಲ್ಲಿಸಲಿಲ್ಲ. ಅವಳು ನಗುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ, ಇನ್ನೊಂದು ಕೈಯಿಂದ ಮೂಗು ಒರೆಸಿಕೊಂಡೆ. ಮಗನಿಗೆ ಫೋನು ಮಾಡುವ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಕೆಳಗಿಳಿಯುವ ಬಸ್ಸನ್ನು ನಾನೊಬ್ಬಳೇ ಹತ್ತಿದೆ.